ಸಹಾಯ ಬೇಕು: ಲೇತ್‌ನಲ್ಲಿ ಶಾಫ್ಟ್ ಟೇಪರ್ ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಟೆಕ್ನಾಲಜಿ ಓದುತ್ತಿದ್ದೇನೆ. ಲ್ಯಾಬ್ ಕೆಲಸ ಜಾಸ್ತಿ ಎಂದೇ ಈ ಕೋರ್ಸ್ ಆರಿಸಿಕೊಂಡೆ. ಈಗ ಪ್ರಾಜೆಕ್ಟ್‌ಗೆ ಲೇತ್‌ನಲ್ಲಿ (ಲೋಹವನ್ನು ತಿರುಗಿಸುತ್ತಾ ಕೆತ್ತುವ ಯಂತ್ರ) 25 ಮಿ.ಮೀ. ವ್ಯಾಸದ ಶಾಫ್ಟ್ ಟರ್ನ್ ಮಾಡಬೇಕು. ಫಿಟ್, ಅಂದರೆ ರಂಧ್ರಕ್ಕೂ ಶಾಫ್ಟ್‌ಗೂ ನಡುವಿನ ಸಡಿಲದ ದರ್ಜೆ, ಎಚ್7/ಜಿ6. ಅಂದರೆ ಶಾಫ್ಟ್ ಅಳತೆ 24.980ರಿಂದ 24.993 ಮಿ.ಮೀ. ಒಳಗೇ ಇರಬೇಕು. ಕೂದಲೆಳೆಗಿಂತ ಕಡಿಮೆ ಅವಕಾಶ, ಅಲ್ವಾ?

ಚಕ್ (ಶಾಫ್ಟ್ ಹಿಡಿದು ತಿರುಗಿಸುವ ಭಾಗ) ಕಡೆ ಮೈಕ್ರೋಮೀಟರ್ ಹಿಡಿದರೆ ಅಳತೆ ಸರಿಯಾಗಿದೆ. ಟೇಲ್‌ಸ್ಟಾಕ್ (ಇನ್ನೊಂದು ತುದಿಗೆ ಆಸರೆ ಕೊಡುವ ಭಾಗ) ಕಡೆ ಹೋದಂತೆ ದಪ್ಪ ಆಗುತ್ತದೆ, ಇದೇ ಟೇಪರ್. ಟೇಲ್‌ಸ್ಟಾಕ್‌ನ ಮೊನೆಯ ಆಸರೆ, ಅಂದರೆ ಸೆಂಟರ್, ಕೊಟ್ಟೇ ಮಾಡುತ್ತಿದ್ದೇನೆ, ಟೂಲ್ ಕೂಡ ಹೊಸದು. ಬರೀ ಚಕ್‌ನಲ್ಲಿ ಹಿಡಿದಿದ್ದರೆ ತುದಿ ಬಾಗುವುದು ಸಹಜ. ಉದ್ದ ಎರಡು ಪಟ್ಟಾದರೆ ಬಾಗುವುದು ಎಂಟು ಪಟ್ಟು ಎಂದು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಓದಿದ್ದೇವೆ. ಆದರೆ ಸೆಂಟರ್ ಇದ್ದಾಗ ನಡುವೆ ದಪ್ಪ ಬರಬೇಕಿತ್ತು, ತುದಿಯಲ್ಲಲ್ಲ. ಟೇಲ್‌ಸ್ಟಾಕ್ ಪಕ್ಕಕ್ಕೆ ಸರಿದಿರಬಹುದು ಎಂದು ನನ್ನ ಅನುಮಾನ.

ಲೇತ್ ಮೇಲೆ ಪಳಗಿದವರು ದಯವಿಟ್ಟು ಹೇಳಿ. ಟೆಸ್ಟ್ ಬಾರ್ (ನಿಖರ ಅಳತೆಯ ನೇರ ಸರಳು) ಇಲ್ಲದೆ, ಡಯಲ್ ಇಂಡಿಕೇಟರ್ (ಸಣ್ಣ ಏರುಪೇರು ತೋರಿಸುವ ಮುಳ್ಳಿನ ಮಾಪಕ) ಒಂದರಿಂದಲೇ ಅಲೈನ್‌ಮೆಂಟ್ ನೋಡುವುದು ಹೇಗೆ? ಕೊನೆಯ ಕೆಲವು ಮೈಕ್ರಾನ್ ಲೇತ್‌ನಲ್ಲೇ ತೆಗೆಯಬಹುದಾ, ಗ್ರೈಂಡಿಂಗ್‌ಗೇ ಹೋಗಬೇಕಾ? ರಿಪೋರ್ಟ್‌ನಲ್ಲಿ ಕಾರಣವನ್ನು ಲೆಕ್ಕ ಸಮೇತ ಕೊಡಬೇಕು. ಸುಮ್ನೆ ‘ಮೆಷಿನ್ ಸರಿಯಿಲ್ಲ’ ಎಂದು ಬರೆಯಲು ನನಗೆ ಮನಸ್ಸಿಲ್ಲ.