ಎಸ್‌ಕ್ಯೂಎಲ್ ‘ಜಾಯಿನ್’ಗೆ ಕನ್ನಡ ಪದ: ಇವತ್ತೇ ಬೇಕು

ವಿಜಯಪುರದಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಪಾಲಿಟೆಕ್ನಿಕ್ ಲ್ಯಾಬಿನ ಗೋಡೆಗೆ ಎಸ್‌ಕ್ಯೂಎಲ್, ಅಂದರೆ ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆಯ ಬಗ್ಗೆ ಒಂದು ಚಾರ್ಟ್ ಮಾಡುತ್ತಿದ್ದೇನೆ. ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ವಿದ್ಯಾರ್ಥಿಗಳ ಟೇಬಲ್ ಒಂದು, ಫೀ ಟೇಬಲ್ ಇನ್ನೊಂದು. ಎರಡರಲ್ಲೂ ಇರುವ ನೋಂದಣಿ ಸಂಖ್ಯೆ ಹಿಡಿದು, ಹೆಸರು ಮತ್ತು ಕಟ್ಟಿದ ಹಣ ಎರಡನ್ನೂ ಒಂದೇ ಕ್ವೆರಿಯಲ್ಲಿ ತರುತ್ತೇವೆ. ಈ ಜಾಯಿನ್‌ಗೆ ಏನನ್ನೋಣ? ಇನ್ನರ್, ಲೆಫ್ಟ್, ಕ್ರಾಸ್ ಅಂತ ಇದರ ಬಗೆಗಳಿವೆ, ಎಲ್ಲಕ್ಕೂ ಹೊಂದಬೇಕು. ಸದ್ಯಕ್ಕೆ ‘ಸಂಯೋಜನೆ’ ಅಂತ ಬರೆದಿದ್ದೇನೆ, ಸಮಾಧಾನ ಇಲ್ಲ.

ಬಾಗಲಕೋಟೆಯಿಂದ:
ಸಂಯೋಜನೆ ಬೇಡವೇ ಬೇಡ. ‘ಒಳಸಂಯೋಜನೆ’ ಅಂದರೆ ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಅರಿಸಮಾಸ. ‘ಕೂಡಲು’ ಅನ್ನಿ. ಮಲಪ್ರಭೆ ಕೃಷ್ಣೆಯನ್ನು ಸೇರುವ ಜಾಗಕ್ಕೆ ನಮ್ಮ ಹಿರಿಯರು ಕೂಡಲ ಅಂದರು. ಅದು ಸಾಲದು ಅಂತ ಬಾಲಕ್ಕೆ ಸಂಗಮ ಕಟ್ಟಿದ್ದಾರೆ. ಒಂದೇ ಅರ್ಥ ಎರಡು ಸಲ! ತಮಿಳಿನಲ್ಲೂ ‘ಕೂಡಲ್’ ಇದೆ, ಹಳೆಯ ಬೇರು. ಒಳಗೂಡಲು, ಎಡಗೂಡಲು. ಆದೇಶಸಂಧಿ ತಾನಾಗಿ ಕೂಡುತ್ತದೆ. ಮುಗಿಯಿತು.

ಬೆಳಗಾವಿಯಿಂದ:
ಮುಗಿಯಲಿಲ್ಲ ಸರ್. ‘ಒಳಗೂಡಲು’ ಅಂದರೆ ಯಾವುದರೊಳಗೆ ಸೇರಲು ಅಂತ ಓದುತ್ತಾರೆ. ‘ಎಡಗೂಡಲು’ ಅಂದರೆ ನಮ್ಮ ಕಡೆಯ ಹುಡುಗರು ಎಡಗಡೆ ಬೆಂಚಿಗೆ ಹೋಗಿ ಕೂಡುತ್ತಾರೆ.

ಅದಕ್ಕಿಂತ ದೊಡ್ಡ ತೊಡಕು ಅರ್ಥದ್ದು. ಹೊಳೆಗಳು ಕೂಡಿದ ಮೇಲೆ ಯಾವ ನೀರು ಯಾವುದರದ್ದು ಅಂತ ಹೇಳಲು ಬರುತ್ತಾ? ಅದು ಯೂನಿಯನ್. ಸಾಲಿನ ಕೆಳಗೆ ಸಾಲು. ಎರಡೂ ಕಡೆ ಅಷ್ಟೇ ಕಾಲಂ ಇರಬೇಕು, ಒಂದೇ ಥರದ ಸಾಲುಗಳಲ್ಲಿ ಒಂದು ಮಾತ್ರ ಉಳಿಯುತ್ತದೆ. ಎಲ್ಲವೂ ಬೇಕಂದರೆ ಯೂನಿಯನ್ ಆಲ್. ಜಾಯಿನ್ ಈ ಸಾಲಿನ ಜೊತೆಗಾರ ಯಾರು ಅಂತ ಹುಡುಕಿ ಪಕ್ಕಕ್ಕೆ ತಂದು ಇಡುತ್ತದೆ. ಲೆಫ್ಟ್ ಜಾಯಿನ್‌ನಲ್ಲಿ ಫೀ ಕಟ್ಟದ ಹುಡುಗನ ಹೆಸರೂ ಉಳಿಯುತ್ತದೆ, ಹಣದ ಜಾಗದಲ್ಲಿ ನಲ್, ಅಂದರೆ ಖಾಲಿ. ಇನ್ನರ್ ಆದರೆ ಜೊತೆಗಾರ ಸಿಕ್ಕ ಸಾಲು ಮಾತ್ರ. ಮೂಲ ಟೇಬಲ್‌ಗಳು ಅಲುಗುವುದೇ ಇಲ್ಲ, ಹಾಗಾಗಿ ಯಾರಾದರೂ ‘ಬೆಸುಗೆ’ ಅನ್ನುವ ಮೊದಲೇ ಹೇಳುತ್ತೇನೆ: ಅದೂ ಬೇಡ. ‘ಹೊಂದಿಕೆ’ ಚೆನ್ನಾಗಿತ್ತು, ಆದರೆ ಕ್ರಾಸ್‌ನಲ್ಲಿ ಹೊಂದಿಸುವ ಕೆಲಸವೇ ಇಲ್ಲ. ಪ್ರತಿ ಸಾಲಿಗೂ ಆ ಕಡೆಯ ಎಲ್ಲ ಸಾಲು, 40 ಸಾಲಿಗೆ 5 ಸಾಲು ಕೊಟ್ಟರೆ ಸುಮ್ನೆ 200 ಬರುತ್ತದೆ. ‘ಜೋಡಣೆ’ ಅನ್ನಿ. ಈ ಥರದ ಟೇಬಲ್ ಡೇಟಾಬೇಸಿನ ಮಾದರಿ ಕೊಟ್ಟ ಕಾಡ್ ಕೂಡ 1970ರ ಪ್ರಬಂಧದಲ್ಲಿ ಇದನ್ನು ಜಾಯಿನ್ ಅಂತಲೇ ಕರೆದರು.

ಬಾಗಲಕೋಟೆಯಿಂದ:
ಜೋಡಣೆ! ಮರಾಠಿಯ ‘ಜೋಡಣೀ’ ತಂದು ಮುಂದಿಟ್ಟಿರಿ. ಗಡಿಯ ಊರಿನವರೇ ಹೀಗಾದರೆ ಹೇಗೆ ಮೇಡಂ?

ಬೆಳಗಾವಿಯಿಂದ:
ಜೋಡೆತ್ತು ಹೂಡುವ ರೈತನನ್ನು ನಿಲ್ಲಿಸಿ ಅದು ಮರಾಠಿ ಅಂತ ಹೇಳಿ ನೋಡಿ ಸರ್, ಬಾರುಕೋಲು ಯಾವ ಭಾಷೆಯದು ಅಂತ ತೋರಿಸುತ್ತಾನೆ. ದಫ್ತರ, ತಾರೀಖು, ಉತಾರ ಬಿಟ್ಟು ನಮ್ಮ ಕಡೆ ಒಂದು ಜಮೀನಿನ ಕೆಲಸ ಮಾಡಿಸಿಕೊಂಡು ಬನ್ನಿ, ಆಮೇಲೆ ಮಾತಾಡೋಣ. ಹೌದು, ‘ಜಮೀನು’ ಕೂಡ ಪಾರಸಿಯೇ. ಅಷ್ಟಕ್ಕೂ ‘ಟೇಬಲ್’ ಅಂತ ಬರೆದಾಗ ನೀವು ತುಟಿ ಬಿಚ್ಚಲಿಲ್ಲ ಅಲ್ವಾ?

ಬಾಗಲಕೋಟೆಯಿಂದ:
ಇಂಗ್ಲಿಷ್ ದೂರದ ನೆಂಟ, ಬಂದಿದ್ದು ಗೊತ್ತಾಗುತ್ತದೆ. ಪಕ್ಕದ ಮನೆಯ ಮಾತು ಗೊತ್ತಾಗದ ಹಾಗೆ ಒಳಗೆ ಬರುತ್ತದೆ. ನನ್ನ ತಕರಾರು ಅದು.

ಬೆಳಗಾವಿಯಿಂದ:
‘ತಕರಾರು’ ಯಾವ ಮನೆಯದು ಸರ್?

ವಿಜಯಪುರದಿಂದ:
ಸರ್, ಮೇಡಂ, ಅಂಗಡಿಯವರು ಎರಡು ಸಲ ಫೋನ್ ಮಾಡಿದರು. ಜೋಡಣೆ, ಒಳಜೋಡಣೆ, ಎಡಜೋಡಣೆ ಅಂತ ಹಾಕಿ ಕಳಿಸಿದೆ. ಯೂನಿಯನ್‌ಗೆ ‘ಕೂಡಿಕೆ’ ಅಂತ ಬರೆದಿದ್ದೇನೆ, ಬಾಗಲಕೋಟೆಯ ಸರ್ ಹೇಳಿದ ಧಾತು ವ್ಯರ್ಥ ಆಗಲಿಲ್ಲ. ‘ಅಡ್ಡಜೋಡಣೆ’ ಓದಿದರೆ ಅಡ್ಡಾದಿಡ್ಡಿ ಜೋಡಿಸಿದ ಹಾಗೆ ಕೇಳಿಸಿತು, ಹಾಗಾಗಿ ಕ್ರಾಸ್ ಜಾಯಿನ್ ಹಾಗೇ ಇದೆ. ಕ್ವೆರಿ ಬರೆಯುವಾಗ ಹೇಗೂ ಇಂಗ್ಲಿಷ್ ಪದವನ್ನೇ ಟೈಪ್ ಮಾಡಬೇಕು, ಅದನ್ನೂ ಕೆಳಗೆ ಸಣ್ಣ ಅಕ್ಷರದಲ್ಲಿ ಸೇರಿಸಿದ್ದೇನೆ.

ಬಾಗಲಕೋಟೆಯಿಂದ:
ಕೂಡಿಕೆ ಸರಿ. ಉಳಿದಿದ್ದಕ್ಕೆ ನನ್ನ ಒಪ್ಪಿಗೆ ಇಲ್ಲ.