ಹೊಟ್ಟೆಗೆ ಕೊಟ್ಟ ಮಾತ್ರೆ ‘ಡಿಪ್ರೆಶನ್ ಮಾತ್ರೆ’ ಅಂತ ಗೊತ್ತಾಗಿ ಬಿಟ್ಟುಬಿಟ್ಟೆ, ಮತ್ತೆ ಶುರು ಮಾಡಲಾ?

ಬಂಗಾರಪೇಟೆ_ಸೊಸೆ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಬರೆಯಬೇಕು ಅಂದುಕೊಂಡು ಸುಮ್ಮನಾಗುತ್ತಿದ್ದೆ.

ನನಗೆ 31 ವರ್ಷ. ನರಸಾಪುರದ ಕಡೆ ಫ್ಯಾಕ್ಟರಿಯಲ್ಲಿ ಕೆಲಸ. ನಾಲ್ಕು ವರ್ಷದ ಹಿಂದೆ ಒಂದು ಮದುವೆ ಊಟ ಮಾಡಿ ಬಂದ ಮೇಲೆ ವಾಂತಿ ಭೇದಿ ಆಯಿತು. ವಾರದಲ್ಲಿ ಅದು ನಿಂತಿತು, ಆದರೆ ಹೊಟ್ಟೆ ಮಾತ್ರ ಅವತ್ತಿನಿಂದ ಮೊದಲಿನ ಹಾಗೆ ಆಗಲೇ ಇಲ್ಲ. ಬೆಳಿಗ್ಗೆ ಎದ್ದ ತಕ್ಷಣ ಹಿಂಡಿದ ಹಾಗೆ ನೋವು. ಮೂರು ನಾಲ್ಕು ಸಲ ಹೋಗಬೇಕು, ಹೋಗಿ ಬಂದರೂ ಪೂರ್ತಿ ಆಯಿತು ಅನ್ನಿಸುವುದಿಲ್ಲ. ಕಂಪನಿ ಬಸ್ 5:20ಕ್ಕೆ ಬರುತ್ತದೆ, ಅದಕ್ಕೆ 3:30ಕ್ಕೇ ಏಳುತ್ತೇನೆ, ಹಿಂದಿನ ರಾತ್ರಿ ಊಟ ಬಿಡುತ್ತೇನೆ. ಒಂದು ಸಲ ಕೋಲಾರ ದಾಟಿದ ಮೇಲೆ ಬಸ್ ನಿಲ್ಲಿಸಿ ಅಂತ ಕೇಳಿದ್ದೆ. ಬಸ್ಸಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಮೇಲೆ ಯಾವತ್ತೂ ಕೇಳಿಲ್ಲ.

ರಕ್ತ, ಮಲ, ಸ್ಕ್ಯಾನಿಂಗ್, ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎಲ್ಲಾ ಆಯಿತು. ಎಲ್ಲಾ ನಾರ್ಮಲ್. ನಾರ್ಮಲ್ ಅಂತ ಬಂದಾಗಲೆಲ್ಲ ಮನೆಯವರಿಗೆ ಸಮಾಧಾನಕ್ಕಿಂತ ಸಿಟ್ಟೇ ಜಾಸ್ತಿ, ಇಷ್ಟು ದುಡ್ಡು ಹೋಯಿತಲ್ಲ ಅಂತ. ಕೊನೆಗೆ ಒಬ್ಬರು ಡಾಕ್ಟರ್ ಇದು ಐಬಿಎಸ್ ಅಂದರು, ಅಂದರೆ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಹೊಟ್ಟೆನೋವು, ಭೇದಿ ಬರುತ್ತಲೇ ಇರುವ ಕರುಳಿನ ತೊಂದರೆ. ರಾತ್ರಿ ಒಂದು ಅಮಿಟ್ರಿಪ್ಟಿಲಿನ್ 10 ಎಂಜಿ ಬರೆದುಕೊಟ್ಟರು. ಯಾಕೆ ಅಂತ ಹೇಳಲಿಲ್ಲ, ಹೊರಗೆ ಅಷ್ಟು ಜನ ಕಾಯುತ್ತಿದ್ದರು, ನಾನೂ ಕೇಳಲಿಲ್ಲ.

ಮೆಡಿಕಲ್ ಶಾಪ್ ಹುಡುಗ ಚೀಟಿ ನೋಡಿ, "ಇದು ಡಿಪ್ರೆಶನ್ ಮಾತ್ರೆ ಅಲ್ವಾ ಮೇಡಂ, ಯಾರಿಗೆ?" ಅಂತ ಜೋರಾಗಿ ಕೇಳಿದ. ಪಕ್ಕದಲ್ಲಿ ನಮ್ಮ ಬೀದಿಯವರೇ ನಿಂತಿದ್ದರು. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. "ಹೊಟ್ಟೆಯಲ್ಲಿ ಏನೂ ಇಲ್ಲ ಅಂದರು, ಈಗ ತಲೆಗೆ ಮಾತ್ರೆ ಕೊಟ್ಟಿದ್ದಾರೆ" ಅಂತ ಅತ್ತೆ ಅಂದರು. ಬೈದು ಅಂದಿದ್ದಲ್ಲ, ನಿಜವಾಗಿ ಹೆದರಿ ಅಂದಿದ್ದು. ಅದೇ ಜಾಸ್ತಿ ನೋವಾಯಿತು.

ಹೆಸರು ಕಾಣಬಾರದು ಅಂತ ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಒಂದೊಂದೇ ಮಾತ್ರೆಯಾಗಿ ಕತ್ತರಿಸಿ ಸಾಸಿವೆ ಡಬ್ಬಿಯ ತಳದಲ್ಲಿ ಇಟ್ಟುಕೊಂಡೆ. ಅಡುಗೆಮನೆ ಖಾಲಿಯಾಗುವವರೆಗೆ ಕಾದು ತೆಗೆದುಕೊಳ್ಳಬೇಕಿತ್ತು. ಕೆಲವು ದಿನ ಖಾಲಿಯೇ ಆಗುತ್ತಿರಲಿಲ್ಲ. ಬಾಯಿ ಒಣಗುತ್ತಿತ್ತು, ಬೆಳಿಗ್ಗೆ ತಲೆ ಭಾರ. ಹೊಟ್ಟೆ ಹಾಗೇ ಇತ್ತು. 11 ದಿನಕ್ಕೆ ಬಿಟ್ಟೆ. ಈಗ ಮೂರು ತಿಂಗಳಾಯಿತು.

ಇದನ್ನು ತಿಂಗಳುಗಟ್ಟಲೆ ತೆಗೆದುಕೊಂಡವರು ಯಾರಾದರೂ ಇದ್ದೀರಾ? ಮನೆಯಲ್ಲಿ ಏನು ಹೇಳಿದಿರಿ?

ಶ್ರೀನಿವಾಸಪುರ_ತೋಪು

ತಂಗಿ, ನನಗೆ ಇದೇ ಕಾಯಿಲೆ, 12 ವರ್ಷ. ಆ ಬಸ್ಸಿನ ಕಥೆ ಓದಿ ಕಣ್ಣು ಒದ್ದೆಯಾಯಿತು. ಬೆಂಗಳೂರು ಬಸ್ ಹತ್ತುವ ಮುಂಚೆ ಯಾವ ಸ್ಟಾಂಡಿನಲ್ಲಿ ಶೌಚಾಲಯ ತೆರೆದಿರುತ್ತದೆ ಅಂತ ನಾನು ಲೆಕ್ಕ ಹಾಕದ ದಿನ ಇಲ್ಲ.

ನನ್ನ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ರಿಪೋರ್ಟ್ ನಾರ್ಮಲ್ ಬಂದಾಗಲೆಲ್ಲ ಡಾಕ್ಟರಿಗೆ ಸಿಕ್ಕಿಲ್ಲ ಅಂದುಕೊಂಡು ಇನ್ನೊಬ್ಬರ ಹತ್ತಿರ ಹೋದೆ. ಐದು ಜನ ಡಾಕ್ಟರು, ಮೂರು ಎಂಡೋಸ್ಕೋಪಿ. ಯಾರ ಮಾತ್ರೆಯನ್ನೂ ತಿಂಗಳು ಪೂರ್ತಿ ತೆಗೆದುಕೊಳ್ಳಲಿಲ್ಲ. ಕಾಯಿಲೆ ಇಲ್ಲ ಅಂದ ಮೇಲೆ ಮಾತ್ರೆ ಯಾಕೆ ಅಂತ ನನಗೇ ಅನ್ನಿಸುತ್ತಿತ್ತು. ಊರವರು ಅಂದಿದ್ದನ್ನು ನಾನೇ ನಂಬಿದ್ದೆ.

ನಮ್ಮ ಕಡೆ ಬೋರ್‌ವೆಲ್ ಇಲ್ಲದವರಿಲ್ಲ, ಆ ಲೆಕ್ಕದಲ್ಲೇ ಹೇಳುತ್ತೇನೆ. ಮೋಟರ್ ಸುಟ್ಟಿಲ್ಲ, ಪೈಪ್ ಒಡೆದಿಲ್ಲ, ಕೇಬಲ್ ಸರಿ ಇದೆ. ಆದರೆ ಸ್ಟಾರ್ಟರ್ ಸುಮ್ಸುಮ್ನೆ ಟ್ರಿಪ್ ಆಗುತ್ತದೆ, ಕರೆಂಟ್ ಸ್ವಲ್ಪ ಏರುಪೇರಾದರೂ ಸಾಕು. ಮೋಟರ್ ಮೇಲೆತ್ತಿ ಬಿಚ್ಚಿ ನೋಡಿದರೆ ಏನೂ ಸಿಗುವುದಿಲ್ಲ. ಹಾಗಂತ ನೀರು ಬರುತ್ತಿದೆಯಾ? ಎಂಡೋಸ್ಕೋಪಿ ನೋಡುವುದು ಮೋಟರು, ಪೈಪು. ಕರುಳಿಗೂ ಮೆದುಳಿಗೂ ನಡುವೆ ಓಡಾಡುವ ನರದ ಸೂಚನೆ ಅದರಲ್ಲಿ ಕಾಣುವುದಿಲ್ಲ. ನಿಮಗೆ ವಾಂತಿ ಭೇದಿ ಆದ ಮೇಲೆ ಶುರುವಾಯಿತು ಅಂದಿರಲ್ಲ, ಕರುಳಿಗೆ ಸೋಂಕು ಬಂದು ಹೋದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಹೀಗೆ ಉಳಿದುಬಿಡುತ್ತದೆ.

ಊಟದ ಮಾತೂ ಇದೆ. ನನಗೆ ಅವರೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ಆಗುವುದಿಲ್ಲ. ಮಾವಿನ ಊರಲ್ಲಿದ್ದು ಮಾವು ಒಂದು ಹೋಳಿಗಿಂತ ಜಾಸ್ತಿ ತಿನ್ನುವುದಿಲ್ಲ. ಆದರೆ ರಾತ್ರಿ ಊಟ ಪೂರ್ತಿ ಬಿಡಬೇಡಿ, ಉಪವಾಸ ಇದ್ದು ಆಮೇಲೆ ಒಂದೇ ಸಲ ತಿಂದರೆ ನನಗಂತೂ ಇನ್ನೂ ಕೆಡುತ್ತದೆ.

ನಿವೃತ್ತ_ಸಿಸ್ಟರ್_ಮುಳಬಾಗಿಲು

ಅಮ್ಮಾ, 30 ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ನಿಮ್ಮ ಡಾಕ್ಟರ್ ಹೇಳಬೇಕಿದ್ದ ಎರಡು ಮಾತು ಹೇಳುತ್ತೇನೆ. ಆ ಎರಡು ಮಾತು ಹೇಳದೆ ಚೀಟಿ ಕೊಡುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಅದು ಡಿಪ್ರೆಶನ್ ಮಾತ್ರೆ ಅನ್ನುವುದು ಸುಳ್ಳಲ್ಲ. ಆದರೆ ಡಿಪ್ರೆಶನ್‌ಗೆ ಸಾಮಾನ್ಯವಾಗಿ 75ರಿಂದ 150 ಎಂಜಿ ಕೊಡುತ್ತಾರೆ. ನಿಮಗೆ ಕೊಟ್ಟಿರುವುದು 10. ಆ ಅಳತೆಯಲ್ಲಿ ಅದು ನರದ ನೋವು ತಗ್ಗಿಸುತ್ತದೆ, ಕರುಳಿನ ಓಟ ನಿಧಾನ ಮಾಡುತ್ತದೆ. ಭೇದಿ ಜಾಸ್ತಿ ಇರುವವರಿಗೆ ಅದಕ್ಕೇ ಒಗ್ಗುವುದು. ಮೈಗ್ರೇನ್ ಬರದ ಹಾಗೆ ತಡೆಯುವುದಕ್ಕೂ, ಸಕ್ಕರೆ ಕಾಯಿಲೆಯವರ ಕಾಲು ಉರಿಗೂ ಇದನ್ನೋ ಇದರ ಜಾತಿಯದ್ದನ್ನೋ ಕೊಡುತ್ತಾರೆ. ಅವರಿಗೆಲ್ಲ ತಲೆ ಕೆಟ್ಟಿದೆಯಾ?

ಇಂಗ್ಲೆಂಡಿನಲ್ಲಿ ಐಬಿಎಸ್ ಇರುವ 463 ಜನರ ಮೇಲೆ ಪ್ರಯೋಗ ಮಾಡಿ 2023ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೆಲವರಿಗೆ ಇದೇ ಮಾತ್ರೆ, 10ರಿಂದ 30 ಎಂಜಿ, ಉಳಿದವರಿಗೆ ನೋಡಲು ಹಾಗೇ ಇರುವ ಔಷಧಿಯಿಲ್ಲದ ಮಾತ್ರೆ. ಆರು ತಿಂಗಳ ಕೊನೆಗೆ ಔಷಧಿ ತೆಗೆದುಕೊಂಡವರ ಹೊಟ್ಟೆ ಹೆಚ್ಚು ಸುಧಾರಿಸಿತ್ತು. ಆದರೆ ಆತಂಕ, ಖಿನ್ನತೆಯ ಅಳತೆಯಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅಂದರೆ ಆ ಮಾತ್ರೆ ಕೆಲಸ ಮಾಡಿದ್ದು ಹೊಟ್ಟೆಯ ಮೇಲೆ.

ಎರಡನೆಯದು, 11 ದಿನ ಸಾಲದು. ಮೂರು ವಾರವಾದರೂ ಬೇಕು, ಕೆಲವರಿಗೆ ಎರಡು ತಿಂಗಳು. ಬಾಯಿ ಒಣಗುವುದು, ಬೆಳಗಿನ ಮಂಪರು ಮೊದಲ ದಿನಗಳಲ್ಲಿ ಜಾಸ್ತಿ, ಆಮೇಲೆ ಬಹಳ ಜನಕ್ಕೆ ತಗ್ಗುತ್ತದೆ. ಅಡ್ಡಪರಿಣಾಮ ಮೊದಲು ಬರುತ್ತದೆ, ಗುಣ ಆಮೇಲೆ ಬರುತ್ತದೆ. ಇದು ಗೊತ್ತಿಲ್ಲದೆ ಬಿಟ್ಟವರನ್ನು ಎಷ್ಟು ಜನ ನೋಡಿದ್ದೇನೋ.

ಆದರೆ ಡಬ್ಬಿಯಲ್ಲಿರುವ ಆ ಹಳೇ ಮಾತ್ರೆ ನುಂಗಬೇಡಿ. ಕತ್ತರಿಸಿದಾಗ ಹೆಸರಿನ ಜೊತೆ ಎಕ್ಸ್‌ಪೈರಿ ತಾರೀಖೂ ಹೋಗಿದೆ, ಮಕ್ಕಳಿದ್ದರೆ ಕೈಗೆ ಸಿಕ್ಕೀತು. ಇದು ಮಕ್ಕಳಿಗೆ ಬಹಳ ಅಪಾಯದ ಮಾತ್ರೆ. ಡಾಕ್ಟರ್ ಹತ್ತಿರ ಮತ್ತೆ ಹೋಗಿ. ಹೃದಯದ ತೊಂದರೆ, ಕಣ್ಣಿನ ಒತ್ತಡ, ಬಸಿರು, ಬೇರೆ ಮಾತ್ರೆ ಏನೇ ಇದ್ದರೂ ಹೇಳಿ. ಮಲದಲ್ಲಿ ರಕ್ತ, ತೂಕ ಇಳಿಯುವುದು, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಅದು ಐಬಿಎಸ್ ಅಂತ ಸುಮ್ಮನಿರಬೇಡಿ, ಕರುಳಿನ ಟಿಬಿಯೂ ನಮ್ಮಲ್ಲಿ ಇದೆ, ಮತ್ತೆ ತೋರಿಸಬೇಕು.

ಚಿಂತಾಮಣಿ_ಅಣ್ಣ

ನಮ್ಮದು ಹೊಟ್ಟೆಯದಲ್ಲ, ಆದರೂ ಬರೆಯುತ್ತೇನೆ, ಕಾಯಿಲೆ ಬೇರೆ, ಆಡಿಕೊಳ್ಳುವ ಬಾಯಿ ಒಂದೇ.

ನನ್ನ ತಂಗಿಗೆ ಫಿಟ್ಸ್ ತರಹ ಬರುತ್ತಿತ್ತು. ಮೂರು ವರ್ಷ ಮೂರ್ಛೆ ರೋಗದ ಮಾತ್ರೆ ಕೊಟ್ಟೆವು, ತಾಯತ ಕಟ್ಟಿಸಿದೆವು. ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಡಿಯೋ ಇಇಜಿ ಮಾಡಿದರು. ತಲೆಗೆ ವೈರು ಅಂಟಿಸಿ ಕ್ಯಾಮೆರಾ ಮುಂದೆ ಮಲಗಿಸಿದ್ದರು, ಆಗಲೇ ಒಂದು ಸಲ ಬಂತು. ಮೂರ್ಛೆ ರೋಗದಲ್ಲಿ ಕಾಣುವ ಮೆದುಳಿನ ಅಲೆ ಅದರಲ್ಲಿ ಇರಲಿಲ್ಲ. ಫಂಕ್ಷನಲ್ ಸೀಜರ್ ಅಂದರು, ಅಂದರೆ ಮೂರ್ಛೆ ರೋಗ ಇಲ್ಲದೆಯೂ ಬರುವ ಫಿಟ್ಸ್. ಇವಳು ಬೇಕಂತ ಮಾಡುತ್ತಿಲ್ಲ, ಇವಳ ಹಿಡಿತದಲ್ಲಿ ಇಲ್ಲ, ಇದಕ್ಕೆ ಮಾತಿನ ಚಿಕಿತ್ಸೆ ಇದೆ, ಬಿಡದೆ ಬರಬೇಕು ಅಂತ ಡಾಕ್ಟರಮ್ಮ ನಮ್ಮ ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು.

ಊರಲ್ಲಿ ಒಂದು ಕಡೆಯವರು ನಾಟಕ ಅಂದರು, ಇನ್ನೊಂದು ಕಡೆಯವರು ಹುಚ್ಚು ಅಂದರು. ಮದುವೆ ಆಗಬೇಕಾದ ಹುಡುಗಿ ಅಂತ ಅಮ್ಮ ಎಲ್ಲರಿಗೂ ಕಣ್ಣಿನ ಆಸ್ಪತ್ರೆಗೆ ಅಂತ ಹೇಳುತ್ತಿದ್ದರು. ಒಂದು ದಿನ ಪಕ್ಕದ ಮನೆ ಅಜ್ಜಿ, ನನಗೂ ಪೊರೆ ಬಂದಿದೆ, ನಿಮ್ಮ ಜೊತೆ ಬರುತ್ತೇನೆ ಅಂತ ಬೆಳಿಗ್ಗೆ ಐದಕ್ಕೇ ಚೀಲ ಹಿಡಿದು ಬಾಗಿಲಲ್ಲಿ ನಿಂತುಬಿಟ್ಟರು. ಅವತ್ತು ನಾವು ಹೋಗಲಿಲ್ಲ. ಮುಂದಿನ ಸಲವೂ ತಪ್ಪಿತು. ಆಮೇಲೆ ನಾಲ್ಕು ತಿಂಗಳು ಗ್ಯಾಪ್, ಫಿಟ್ಸ್ ವಾಪಸ್. ಆ ಒಂದು ಸುಳ್ಳಿಗೆ ಅಷ್ಟು ಬೆಲೆ ಕೊಟ್ಟೆವು. ಈಗ ನರದ ತೊಂದರೆಗೆ ಚಿಕಿತ್ಸೆ ನಡೀತಿದೆ ಅಂತಷ್ಟೇ ಹೇಳುತ್ತೇವೆ. ಅದು ಸುಳ್ಳಲ್ಲ, ಜಾಸ್ತಿ ಯಾರೂ ಕೇಳುವುದೂ ಇಲ್ಲ.

ಕೆಜಿಎಫ್_ವಾಸಿ

ಎಲ್ಲರಿಗೂ ಹೇಳಬೇಕಿಲ್ಲ. ಯಜಮಾನರಿಗೆ ಹೇಳಿ, ಸಾಕು. ನಾನು ಹೇಳಿದ ದಿನದಿಂದ ನನ್ನ ಹೆಂಡತಿಯೇ ರಾತ್ರಿ ಮಾತ್ರೆ, ನೀರು ತಂದಿಡುತ್ತಾಳೆ. ಒಂದು ದಿನವೂ ತಪ್ಪಿಲ್ಲ. ಮಾತಾಡುವುದಕ್ಕೆ ಯಾರೂ ಇಲ್ಲ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಬಂಗಾರಪೇಟೆ_ಸೊಸೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡೆರಡು ಸಲ ಓದಿದೆ.

ಸಿಸ್ಟರ್, ನೀವು ಕಾಲು ಉರಿ ಅಂದಿರಲ್ಲ. ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ, ಎರಡು ವರ್ಷದಿಂದ ಪಾದದ ಉರಿಗೆ ರಾತ್ರಿ ಒಂದು ಮಾತ್ರೆ ತೆಗೆದುಕೊಳ್ಳುತ್ತಾರೆ. ನಿನ್ನೆ ಆ ಸ್ಟ್ರಿಪ್ ತಿರುಗಿಸಿ ಓದಿದೆ. ಪ್ರೆಗಾಬಾಲಿನ್, ಜೊತೆಗೆ ನಾರ್‌ಟ್ರಿಪ್ಟಿಲಿನ್ 10 ಎಂಜಿ ಅಂತಿದೆ. ಫೋನಲ್ಲಿ ನೋಡಿದರೆ ನನ್ನ ಮಾತ್ರೆಯ ಜಾತಿಯದ್ದೇ. ಅತ್ತೆಯ ಪಕ್ಕ ಕೂತು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಸ್ಟ್ರಿಪ್ ನೋಡಿದರು. ಆಮೇಲೆ, "ನನಗೆ ಇದರಿಂದಲೇ ಕಣಮ್ಮ ನಿದ್ದೆ ಬರುವುದು, ನೀನ್ಯಾಕೆ ಬಿಟ್ಟೆ?" ಅಂದರು.

ಸಾಸಿವೆ ಡಬ್ಬಿ ಖಾಲಿ ಮಾಡಿದ್ದೇನೆ. ಶನಿವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ, ಅತ್ತೆಯೂ ಬರುತ್ತೇನೆ ಅಂದಿದ್ದಾರೆ. ಸಿಸ್ಟರ್, ಒಂದೇ ಒಂದು ಕೇಳಬೇಕಿತ್ತು: ನಾನು 3:30ಕ್ಕೆ ಏಳುವವಳು, ಬೆಳಗಿನ ಮಂಪರು ಕಡಿಮೆಯಾಗಲು ಮಾತ್ರೆಯನ್ನು ಸಂಜೆ ಏಳಕ್ಕೇ ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಲಾ?

ನಿವೃತ್ತ_ಸಿಸ್ಟರ್_ಮುಳಬಾಗಿಲು

ಖಂಡಿತ ಕೇಳಿ. ಬಹಳ ಜನಕ್ಕೆ ಹಾಗೇ ಹೇಳುತ್ತಾರೆ. ಶಿಫ್ಟ್ ಟೈಮನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಒಳಗೆ ಹೋದ ಮೇಲೆ ಮರೆತುಹೋಗುತ್ತದೆ.