ಶಾಲಿನಿಯ ಪ್ರಶ್ನೆಗೆ: ಒಂದು ರಾತ್ರಿಯ ಮಟ್ಟಿಗೂ ಬೇಡ

ಶಾಲಿನಿ, ನಿನ್ನೆ ರಾತ್ರಿ ನೀನು ನಮ್ಮ ಬಳಗದ ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆ ನೋಡಿದೆ. ಅನಿರುದ್ಧನ ಗೆಳೆಯ ಕೆಲಸದ ಮೇಲೆ ಹೊರದೇಶಕ್ಕೆ ಹೋಗುವವನಿದ್ದಾನೆ, ತನ್ನ ಗಂಡು ಬಾಲ್ ಪೈಥಾನನ್ನು (ಆಫ್ರಿಕದ ಸಣ್ಣ ಜಾತಿಯ ಹೆಬ್ಬಾವು) ಪುಣೆಯ ನಿಮ್ಮ ಮನೆಯಲ್ಲಿ ಬಿಟ್ಟು ಹೋಗಲಿದ್ದಾನೆ. ಅನಿರುದ್ಧ ಸಾಕಿರುವ ಅದೇ ಜಾತಿಯ ಹೆಣ್ಣು ಹಾವಿನ ಗಾಜಿನ ಪೆಟ್ಟಿಗೆ ಹೇಗೂ ದೊಡ್ಡದಿದೆ, ಎರಡನ್ನೂ ಅದರಲ್ಲೇ ಇಡಬಹುದೇ, ಮರಿಗಳಾದರೆ ಗತಿ ಏನು ಎಂದು ಕೇಳಿದ್ದೀಯೆ. ಇಡಬಾರದು. ಒಂದು ರಾತ್ರಿಯ ಮಟ್ಟಿಗೂ ಇಡಬಾರದು. ಹೇಳುವುದು ಬಹಳ ಇರುವುದರಿಂದ ಸಂದೇಶ ಉದ್ದವಾಗುತ್ತದೆ. ಪೂರ್ತಿ ಕೇಳು, ಅನಿರುದ್ಧನಿಗೂ ಕೇಳಿಸು.

ಡೊಂಬಿವಲಿಯ ನಮ್ಮ ಮನೆಯಲ್ಲಿ ಗೋಪಿಯ ಹಾವುಗಳಿದ್ದ ಹಿಂದಿನ ಕೋಣೆ ನಿಮಗೆಲ್ಲ ಗೊತ್ತೇ ಇದೆ, ಗಣಪತಿ ಹಬ್ಬಕ್ಕೆ ಬಂದಾಗ ನಿಮ್ಮಲ್ಲಿ ಅರ್ಧ ಜನ ಆ ಕಡೆ ಕಾಲಿಡುತ್ತಿರಲಿಲ್ಲ. ಅವು ಕಾರ್ನ್ ಸ್ನೇಕ್‌ಗಳು, ಅಮೆರಿಕದ ಆಗ್ನೇಯ ಭಾಗದವು, ವಿಷವಿಲ್ಲದವು. ಬೆರಳಿನಷ್ಟು ದಪ್ಪವಿದ್ದಾಗ ತಂದದ್ದು. ಮಾರಿದವನು ಎರಡೂ ಹೆಣ್ಣು, ಜೊತೆಯಲ್ಲಿ ಬಿಟ್ಟರೆ ಒಂದಕ್ಕೊಂದು ಆಸರೆಯಾಗುತ್ತವೆ ಎಂದು ಖಂಡಿತವಾಗಿ ಹೇಳಿ ಕಳುಹಿಸಿದ್ದ. ಹಾವಿಗೆ ಅಂಥ ಆಸರೆ ಬೇಕಾಗಿಲ್ಲ. ಅದು ಒಂಟಿಯಾಗಿ ಬದುಕುವ ಜೀವಿ. ಇನ್ನೊಂದರ ಮೈಮೇಲೆ ಮಲಗಿದೆ ಎಂದರೆ ಬೆಚ್ಚಗಿನ ಜಾಗಕ್ಕಾಗಿ ಪೈಪೋಟಿ ನಡೆದಿದೆ ಎಂದೇ ತಿಳಿಯಬೇಕು. ಎಳೆಯ ಹಾವಿನ ಬಾಲವನ್ನು ಮೇಲಿಂದ ನೋಡಿ ಗಂಡು ಹೆಣ್ಣು ಹೇಳುವುದೂ ನಂಬುವ ಮಾತಲ್ಲ. ತಿಳಿದ ವೈದ್ಯರು ಬಾಲದ ಬುಡದಲ್ಲಿ ಸಣ್ಣ ನಯವಾದ ಕಡ್ಡಿಯನ್ನು ಇಳಿಸಿ ಆಳ ನೋಡಿ ಹೇಳಬೇಕು, ಅದನ್ನು ಕೈಪಳಗಿದವರೇ ಮಾಡಬೇಕು.

ಆಮೇಲೆ ಬೆಳೆದವು. ಒಂದು ಚಳಿಗಾಲ ಮುಗಿದು ಬಿಸಿಲು ಏರುತ್ತಿದ್ದ ದಿನಗಳಲ್ಲಿ, ಎರಡರ ಬಾಲಗಳೂ ಹೆಣೆದುಕೊಂಡಿರುವುದನ್ನು ಗೋಪಿ ಕಂಡ. ಒಂದು ಗಂಡೆಂದು ಆಗ ಗೊತ್ತಾಯಿತು. ಅದೇ ಗಳಿಗೆಯಲ್ಲಿ ಆ ಗಂಡನ್ನು ಬೇರೆ ಪೆಟ್ಟಿಗೆಗೆ ಹಾಕಿದ, ಬೀಗವನ್ನೂ ಹಾಕಿದ. ಇನ್ನು ಭಯವಿಲ್ಲ ಎಂದು ನಾವೆಲ್ಲ ಅಂದುಕೊಂಡೆವು. ಒಂದೆರಡು ತಿಂಗಳೊಳಗೆ ಅವಳು ನೀರಿನ ಬಟ್ಟಲಿನ ಪಕ್ಕದಲ್ಲೇ ಮೊಟ್ಟೆಗಳ ಗೊಂಚಲಿಟ್ಟಳು. ಗೋಪಿಗೆ ಅವನ್ನು ತೆಗೆದುಹಾಕಲು ಮನಸ್ಸು ಬರಲಿಲ್ಲ, ಮರಿಗಳಾದವು. ಒಂದೊಂದಕ್ಕೂ ಬೇರೆ ಬೇರೆ ಡಬ್ಬಿ, ಒಂದೊಂದಕ್ಕೂ ಕಣ್ಣು ಬಿಡದ ಇಲಿಮರಿಯ ಆಹಾರ, ಅದರಲ್ಲೂ ಕೆಲವು ಬಾಯಿಯನ್ನೇ ತೆರೆಯದೆ ಸೊರಗಿದವು. ಅದು ಹೇಗೋ ನಡೆಯಿತು. ಆದರೆ ತಾಯಿಯ ಮೈ ಇನ್ನೂ ತುಂಬಿಕೊಳ್ಳುವ ಮೊದಲೇ, ಗಂಡಿನ ನೆರಳೂ ಬೀಳದೆ, ಅವಳ ಹೊಟ್ಟೆ ಮತ್ತೊಮ್ಮೆ ಉಬ್ಬಿತು. ಹೆಣ್ಣು ಹಾವು ಒಮ್ಮೆ ಕೂಡಿದ ಮೇಲೆ ವೀರ್ಯವನ್ನು ತನ್ನ ದೇಹದಲ್ಲೇ ತಿಂಗಳುಗಟ್ಟಲೆ ಕಾಪಿಟ್ಟುಕೊಳ್ಳಬಲ್ಲಳು ಎಂಬುದು ನಮ್ಮ ಮನೆಗೆ ತಿಳಿದದ್ದು ಆಗ. ಎರಡನೆಯ ಸಲ ಒಂದು ಮೊಟ್ಟೆ ಒಳಗೇ ಸಿಕ್ಕಿಹಾಕಿಕೊಂಡಿತು. ಅವಳು ಮೂಲೆಯಿಂದ ಮೂಲೆಗೆ ಹರಿದಾಡುತ್ತಾ ತಿಣುಕುತ್ತಿದ್ದುದನ್ನು ನಾನು ನೋಡಿದ್ದೇನೆ. ಹತ್ತಿರದ ದವಾಖಾನೆಗಳಿಗೆಲ್ಲ ದೂರವಾಣಿ ಮಾಡಿದೆವು, ನಾಯಿ ಬೆಕ್ಕು ಮಾತ್ರ ನೋಡುತ್ತೇವೆ ಎಂದರು. ಕೊನೆಗೆ ಮುಂಬಯಿಯಲ್ಲಿ ಹಾವುಗಳನ್ನು ನೋಡುವ ವೈದ್ಯರೊಬ್ಬರು ಸಿಕ್ಕಿದಾಗ ಹೊತ್ತು ಮೀರಿತ್ತು, ಅವಳು ಉಳಿಯಲಿಲ್ಲ.

ಆದ್ದರಿಂದ ಮತ್ತೆ ಹೇಳುತ್ತೇನೆ, ಶಾಲಿನಿ, ಗಂಡನ್ನೂ ಹೆಣ್ಣನ್ನೂ ಒಂದೇ ಪೆಟ್ಟಿಗೆಯಲ್ಲಿ ಒಂದು ರಾತ್ರಿಯೂ ಇಡಬೇಡಿ. ಆಮೇಲೆ ಬೇರ್ಪಡಿಸಿದರಾಯಿತು ಎಂಬ ಲೆಕ್ಕ ಹಾವುಗಳ ವಿಷಯದಲ್ಲಿ ನಡೆಯುವುದಿಲ್ಲ.

ನನಗೆ ಇಂದಿಗೂ ಆರದ ನೋವು ಇನ್ನೊಂದಿದೆ, ಅದನ್ನು ಈ ಗುಂಪಿನಲ್ಲೇ ಹೇಳಬೇಕು. ಆ ಹಾವು ಸತ್ತ ಸುದ್ದಿ ತಿಳಿದಾಗ ನಮ್ಮವರಲ್ಲಿ ಎಷ್ಟೋ ಮಂದಿ ಗೋಪಿಗೆ ನಾಗದೋಷ ತಗಲಿತು, ಆಶ್ಲೇಷ ಬಲಿ ಮಾಡಿಸಿ, ಸರ್ಪಸಂಸ್ಕಾರ ಮಾಡಿಸಿ ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿದಿರಿ. ಊರಿನ ನಾಗಬನಕ್ಕೆ ಹಾಲು, ಎಳನೀರು ತಪ್ಪಿಸದ ಮನೆ ನಮ್ಮದು, ನಾಗನ ಮೇಲಿನ ನನ್ನ ಭಕ್ತಿಗೆ ಯಾರ ಪ್ರಮಾಣಪತ್ರವೂ ಬೇಕಾಗಿಲ್ಲ. ಆದರೆ ಆ ಮರಿಗಳ ಡಬ್ಬಿಗಳು ಕೋಣೆಯ ತುಂಬ ಇದ್ದಾಗ, ಗೋಪಿ ನಿದ್ದೆಗೆಟ್ಟು ಒಂದೊಂದನ್ನೂ ಬದುಕಿಸಿಕೊಳ್ಳುತ್ತಿದ್ದಾಗ, ಬಾಗಿಲವರೆಗೂ ಯಾರೂ ಬರಲಿಲ್ಲ. ಅವಳು ಸತ್ತದ್ದು ಶಾಪದಿಂದಲ್ಲ, ಒಳಗೆ ಸಿಕ್ಕಿಕೊಂಡ ಮೊಟ್ಟೆಯಿಂದ. ಗಂಡನ್ನು ಹೆಣ್ಣೆಂದು ಮಾರಿದವನನ್ನು ಯಾರೂ ಒಂದು ಮಾತು ಕೇಳಲಿಲ್ಲ, ಇಪ್ಪತ್ತು ದಾಟದ ಹುಡುಗನ ತಲೆಯ ಮೇಲೆ ಪಾಪ ಹೊರಿಸಿದಿರಿ. ಅನಿರುದ್ಧನಿಗೆ ನಾಳೆ ಹಾಗಾಗಬಾರದು, ಅದಕ್ಕಾಗಿಯೇ ಇಷ್ಟು ಹೇಳುತ್ತಿದ್ದೇನೆ.

ನೀನು ಕೇಳಿದ್ದು ಏನು ಮಾಡಬೇಕೆಂದು. ಅದನ್ನು ಹೇಳುವುದೇ ಉಳಿಯಿತು. ಗೆಳೆಯನ ಹಾವಿಗೆ ಅದರದೇ ಪೆಟ್ಟಿಗೆ, ಅದರದೇ ನೀರಿನ ಬಟ್ಟಲು, ಅಡಗಲು ಅದರದೇ ಗೂಡು ಇರಲಿ, ಸಾಧ್ಯವಾದರೆ ಬೇರೆ ಕೋಣೆಯಲ್ಲಿ. ಮೊದಲ ಕೆಲವು ತಿಂಗಳು ಕೋಣೆ ಬೇರೆ ಇದ್ದರೆ ಹೊಸ ಹಾವಿನ ಮೈಯಲ್ಲಿ ಉಣ್ಣಿ ಇದ್ದರೂ ಅನಿರುದ್ಧನ ಹಾವಿಗೆ ಹರಡುವ ಭಯ ಕಡಿಮೆ. ಪೆಟ್ಟಿಗೆಯ ಒಂದು ಬದಿ 31–32 ಡಿಗ್ರಿ ಬಿಸಿ, ಇನ್ನೊಂದು ಬದಿ ತಂಪು, ಬಿಸಿಯನ್ನು ಹತೋಟಿಯಲ್ಲಿಡಲು ಥರ್ಮೋಸ್ಟಾಟ್, ಮುಚ್ಚಳಕ್ಕೆ ಚಿಲಕ. ಪುಣೆಯ ಚಳಿಗಾಲದ ರಾತ್ರಿಗಳಲ್ಲಿ ಗಂಡು ಊಟ ಬಿಟ್ಟು ಹೆಣ್ಣನ್ನು ಹುಡುಕುತ್ತಾ ಸಂದಿ ಸಿಕ್ಕಿದಲ್ಲಿ ನುಸುಳುತ್ತದೆ. ಚಿತ್ರ ತೆಗೆಯಲೆಂದು ಎರಡನ್ನೂ ಒಟ್ಟಿಗೆ ಹೊರಗೆ ಬಿಡುವುದೂ ಬೇಡ. ಅನಿರುದ್ಧ ಕಳಿಸಿದ ಚಿತ್ರದಲ್ಲಿ ಅವನ ಹೆಣ್ಣು ಹಾವನ್ನಿಟ್ಟ ತಕ್ಕಡಿ ಒಂದು ಕಿಲೋ ಸಹ ತೋರಿಸುತ್ತಿರಲಿಲ್ಲ. ಈ ಜಾತಿಯ ಹೆಣ್ಣು ಮೂರು ವರ್ಷ ತುಂಬಿ ಒಂದೂವರೆ ಕಿಲೋ ತೂಗುವ ಮೊದಲು ಮೊಟ್ಟೆಯ ಭಾರ ಹೊರಬಾರದು ಎಂದು ಸಾಕುವವರು ಹೇಳುತ್ತಾರೆ, ಗಂಡಾದರೋ ಅದಕ್ಕಿಂತ ಬಹಳ ಮೊದಲೇ ಸಿದ್ಧವಾಗಿರುತ್ತದೆ. ಬಾಲದ ಬುಡದ ಉಗುರುಗಳು ಗಂಡಿಗೂ ಹೆಣ್ಣಿಗೂ ಇರುವುದರಿಂದ ಅವನ್ನು ನೋಡಿ ನಿರ್ಧರಿಸದೆ, ಎರಡನ್ನೂ ವೈದ್ಯರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಮೊಟ್ಟೆ ಬಂದರೆ ಗಾಬರಿಯಾಗಬೇಡ, ಗಂಡನ್ನು ಕಾಣದ ಹೆಣ್ಣೂ ಕೆಲವೊಮ್ಮೆ ಬರಡು ಮೊಟ್ಟೆಗಳನ್ನು ಇಡುತ್ತದೆ. ಮೊಟ್ಟೆ ಕಟ್ಟಿದ ಬಾಲ್ ಪೈಥಾನ್ ಮೊಟ್ಟೆಗೆ ಮುಂಚಿನ ಪೊರೆ ಬಿಟ್ಟ ಮೇಲೆ ಸುಮಾರು ಒಂದು ತಿಂಗಳಿಗೆ ಮೊಟ್ಟೆ ಇಡುತ್ತದೆ. ಹೊಟ್ಟೆ ತುಂಬಿದಂತೆ ಕಂಡರೆ ಒದ್ದೆ ಪಾಚಿ ಹಾಸಿದ ಡಬ್ಬಿಯೊಂದನ್ನು ಒಳಗಿಡಿ. ಮರಿ ಬೇಡವೆಂದರೆ ಇಟ್ಟ ದಿನವೇ ಮೊಟ್ಟೆಗಳನ್ನು ತೆಗೆದು ಫ್ರೀಜರಿನಲ್ಲಿಟ್ಟು ಆಮೇಲೆ ವಿಲೇವಾರಿ ಮಾಡಬೇಕು, ದಿನ ಕಳೆದಷ್ಟೂ ಒಳಗಿನ ಜೀವ ಬೆಳೆಯುತ್ತದೆ. ಕೆಲವು ಇಟ್ಟು ನಿಂತುಹೋಗಿ ತಿಣುಕುತ್ತಿದ್ದರೆ ಕಾಯಬೇಡಿ, ಅದೇ ದಿನ ವೈದ್ಯರ ಬಳಿ ಒಯ್ಯಿರಿ. ಏನೇ ಆದರೂ ಮರಿಗಳನ್ನು ಮುಠಾ ನದಿಯ ದಂಡೆಗೋ ಗುಡ್ಡಕ್ಕೋ ಬಿಡುವಂತಿಲ್ಲ, ಅವು ಆಫ್ರಿಕದ ಜೀವಗಳು.

ಕಾಗದಪತ್ರದ ಮಾತೂ ಇದೆ. ಬಾಲ್ ಪೈಥಾನ್, ಕಾಡು ಪ್ರಾಣಿ ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹತೋಟಿಯಲ್ಲಿಡುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ, ಇಂಥ ಪ್ರಾಣಿಯನ್ನು ಇಟ್ಟುಕೊಂಡವರು ನೋಂದಾಯಿಸಬೇಕು, ಕೈ ಬದಲಾದರೂ, ಮರಿಯಾದರೂ, ಸತ್ತರೂ ತಿಳಿಸಬೇಕು. 2024ರ ನಿಯಮಗಳಂತೆ ಅದು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಆಗಬೇಕು. ಗೆಳೆಯನ ನೋಂದಣಿ ಪತ್ರವನ್ನು ಕಣ್ಣಾರೆ ನೋಡದೆ, ಹಸ್ತಾಂತರವನ್ನು ಅಲ್ಲಿ ದಾಖಲಿಸದೆ ಹಾವನ್ನು ಮನೆಗೆ ತರುವುದು ಬೇಡವೆಂದು ಅನಿರುದ್ಧನಿಗೆ ಹೇಳು. ಹಾವುಗಳನ್ನು ನೋಡುವ ಆ ಮುಂಬಯಿಯ ವೈದ್ಯರ ಸಂಖ್ಯೆ ಗೋಪಿಯ ಬಳಿ ಇದೆ, ಸಂಜೆ ನಿನಗೆ ಪ್ರತ್ಯೇಕವಾಗಿ ಕಳುಹಿಸಲು ಹೇಳುತ್ತೇನೆ. ಪುಣೆಯಲ್ಲಿ ಯಾರಿದ್ದಾರೆಂದು ಅವರನ್ನೇ ಕೇಳಿ ಇಟ್ಟುಕೊಳ್ಳಿ.